ಹೂವೂ ಪ್ರಸಾದವೇ

ಚೌತಿ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ಪಂಚಕಜ್ಜಾಯದ ಪರಿಮಳ. ನನ್ನ ಮೊಮ್ಮಗಳಿಗೆ ಮಾತ್ರ ಎಳ್ಳು ಆಗದು. ಚಿಟಿಕೆಯಷ್ಟು ತಿಂದರೂ ತುಟಿ ಊದಿ ಉಸಿರು ಕಟ್ಟುತ್ತದೆ. ‘ದೇವರ ಪ್ರಸಾದ, ಸ್ವಲ್ಪ ತಿಂದರೆ ಏನೂ ಆಗದು’ ಎಂಬ ಅಕ್ಕರೆಯ ಒತ್ತಾಯವೇ ಅವಳಿಗೆ ಅಪಾಯ.

ಅಲರ್ಜಿ ಮಗುವಿನ ಹಠವಲ್ಲ, ತಾಯಿಯ ಅತಿ ಜಾಗ್ರತೆಯೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯು ಆಹಾರವನ್ನೇ ಶತ್ರುವೆಂದು ಭ್ರಮಿಸುವ ಸ್ಥಿತಿ. ಪಂಚಕಜ್ಜಾಯಕ್ಕೆ ಹಾಕಿದ ಚಮಚವನ್ನೇ ಪಾಯಸಕ್ಕೆ ಹಾಕಿದರೂ ಕೇಡು ತಪ್ಪದು.

ಪೊಟ್ಟಣದ ತಿನಿಸಿನಲ್ಲಿ ನೆಲಗಡಲೆ, ಗೋಡಂಬಿ, ಹಾಲು ಮುಂತಾದವು ಇದ್ದರೆ ನಮೂದಿಸಬೇಕೆಂದು ಕೇಂದ್ರವು 2020ರಲ್ಲಿ ಹೊರಡಿಸಿದ ನಿಯಮಾವಳಿ ವಿಧಿಸಿತು. ಆ ಪಟ್ಟಿಯಲ್ಲಿ ಎಳ್ಳು ಸೇರಲಿಲ್ಲ. ಅಮೆರಿಕ ಅದನ್ನು 2023ರಿಂದ ಕಡ್ಡಾಯಗೊಳಿಸಿದೆ. ಮನೆಯ ನೈವೇದ್ಯಕ್ಕಾದರೋ ಯಾವ ಚೀಟಿಯೂ ಇಲ್ಲ. ಅಲ್ಲಿ ಬಡಿಸುವವರ ಮಾತೇ ರಕ್ಷೆ.

ಅಮೆರಿಕದ ಹ್ಯಾಲೊವೀನ್ ಹಬ್ಬದಂದು ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಬೇಡುವುದು ವಾಡಿಕೆ. 2014ರಲ್ಲಿ ಅಲ್ಲೊಂದು ಅಭಿಯಾನ ಆರಂಭವಾಯಿತು: ಹಸಿರುನೀಲಿ ಬಣ್ಣದ ಕುಂಬಳಕಾಯಿ ಬಾಗಿಲಲ್ಲಿದ್ದರೆ, ಆ ಮನೆಯಲ್ಲಿ ತಿಂಡಿಯ ಬದಲು ಆಟಿಕೆಯೂ ಸಿಗುತ್ತದೆಂದು ಅರ್ಥ. ನಮಗೆ ಹೊಸ ಸಂಕೇತವೂ ಬೇಕಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಗಂಧ, ಹೂವು ಮೊದಲಿನಿಂದಲೂ ಪ್ರಸಾದವೇ.

ಬಡಿಸುವ ಮುನ್ನ ಏನೇನು ಹಾಕಿದೆಯೆಂದು ಹೇಳೋಣ; ಬೇಡವೆಂದ ಮಗುವಿನ ಕೈಗೆ ಹೂವನ್ನಿಡೋಣ. ದೇವರಿಗೂ ಅದು ಕಡಿಮೆಯೆನಿಸದು, ಮಗುವಿಗೂ ಹಬ್ಬ ತಪ್ಪದು.