ವೇಗದ ರಥ, ಹೊಸ ಸಾರಥಿ

ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಆದರೆ ಆ ಕಥೆಯ ಮುಂದಿನ ಭಾಗವನ್ನು ನೆನೆಯುವವರು ಕಡಮೆ. ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಆ ಹುಡುಗನನ್ನೇ ಬೃಹನ್ನಳೆಯ ವೇಷದ ಅರ್ಜುನನು ಹಿಡಿದು ತಂದು, ಧೈರ್ಯ ಹೇಳಿ, ವಾಘೆಯನ್ನು ಅವನ ಕೈಯಲ್ಲಿಟ್ಟು ಸಾರಥಿಯನ್ನಾಗಿ ಮಾಡಿಕೊಂಡನು. ಹೆದರಿ ಓಡಿದವನು ಸಾರಥಿಯಾಗಬಲ್ಲನೆಂಬ ಮಾತು ನನಗೆ ಮನದಟ್ಟಾದದ್ದು ಕಳೆದ ವರ್ಷ, ಜರ್ಮನಿ ದೇಶದಲ್ಲಿ. ಅದನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇನೆ.

ನನ್ನ ತಂಗಿಯ ಮಗನು ಎಂಜಿನಿಯರನಾಗಿ ಸ್ಟುಟ್‌ಗಾರ್ಟ್ ನಗರದಲ್ಲಿ ಹನ್ನೆರಡು ವರ್ಷಗಳಿಂದ ನೆಲಸಿದ್ದಾನೆ. ಆ ಊರು ಪೋರ್ಷೆ ಕಾರುಗಳ ತವರು. ನಾನು ಅಲ್ಲಿಗೆ ಹೊರಡುವ ಹಿಂದಿನ ದಿನ ತಂಗಿಯು ದೂರವಾಣಿಯಲ್ಲಿ ಹೇಳಿದಳು: “ಅಣ್ಣಾ, ಅವನು ಓಟದ ಕಾರು ಕೊಂಡಿದ್ದಾನಂತೆ. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ನನ್ನ ಮಾತನ್ನು ಅವನು ಕೇಳುವುದಿಲ್ಲ, ಸೋದರಮಾವನ ಮಾತನ್ನು ಕೇಳಿಯಾನು. ಅದನ್ನು ಮಾರಿಬಿಡು ಎಂದು ಹೇಳಿ ಬಾ.” ಈ ದೌತ್ಯವನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡೆನು. ಇಪ್ಪತ್ತು ವರ್ಷ ಮಾರುತಿ 800 ಕಾರನ್ನು ಒಂದು ಗೀರೂ ಬೀಳದಂತೆ ನಡೆಸಿದವನಾದ ನನಗೆ, ಇಂಥ ವಿಷಯದಲ್ಲಿ ಬುದ್ಧಿ ಹೇಳುವ ಅಧಿಕಾರವಿದೆಯೆಂದೇ ನಂಬಿದ್ದೆನು.

ಕಾರು 1980ರ ದಶಕದಲ್ಲಿ ತಯಾರಾದ ಪೋರ್ಷೆ 911. ಈ ಜಾತಿಯ ಕಾರು ಮೊದಲು ಜನರ ಕಣ್ಣಿಗೆ ಬಿದ್ದದ್ದು 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ. ಆಗ ಅದಕ್ಕಿಟ್ಟಿದ್ದ ಹೆಸರು 901. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ತಮ್ಮವೆಂದು ಫ್ರಾನ್ಸಿನ ಪ್ಯೂಜೋ ಕಂಪನಿಯವರು ಆಕ್ಷೇಪಿಸಿದ್ದರಿಂದ 1964ರಲ್ಲಿ ಅದು 911 ಆಯಿತು. ಇದರ ವೈಚಿತ್ರ್ಯವೆಂದರೆ ಎಂಜಿನು ಮುಂದಿಲ್ಲ, ನಡುವೆಯೂ ಇಲ್ಲ. ಹಿಂದಿನ ಅಚ್ಚಿಗಿಂತಲೂ ಹಿಂದೆ, ಬಾಲದಲ್ಲಿ ಕುಳಿತಿದೆ. ನನ್ನ ಅಳಿಯನ ಕಾರಿಗೆ 231 ಅಶ್ವಶಕ್ತಿ. ತೂಕ ಸುಮಾರು 1200 ಕಿಲೋ. ಎಂದರೆ ಒಂದೊಂದು ಕುದುರೆಯ ಪಾಲಿಗೆ ಐದು ಕಿಲೋಗಿಂತ ತುಸು ಹೆಚ್ಚು ಭಾರ. ನನ್ನ ಮಾರುತಿಯಲ್ಲಿ ಒಂದೊಂದು ಕುದುರೆ ಸುಮಾರು 17 ಕಿಲೋ ಎಳೆಯಬೇಕಾಗಿತ್ತು. ವೇಗದ ಕಾರಿಗೂ ಸಾಧಾರಣ ಕಾರಿಗೂ ಇರುವ ಮೊದಲನೆಯ ಭೇದವು ಇಷ್ಟರಲ್ಲಿಯೇ ಅಡಗಿದೆ.

ನಾನು ಬುದ್ಧಿ ಹೇಳಲು ಸಮಯ ಕಾಯುತ್ತಿದ್ದೆನು. ಎರಡನೆಯ ರಾತ್ರಿ, ಮಗುವೂ ಸೊಸೆಯೂ ಮಲಗಿದ ಮೇಲೆ, ಅವನೇ ಬಾಯಿ ತೆರೆದನು.

“ಮಾವಾ, ಅಮ್ಮನಿಗೆ ಹೇಳಬೇಡಿ. ಕಾರು ಬಂದು ಒಂದು ತಿಂಗಳಾಗಿತ್ತು. ಕಪ್ಪುಕಾಡಿನ ರಸ್ತೆಗೆ ಒಬ್ಬನೇ ಹೋಗಿದ್ದೆ.”

ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಬೆಟ್ಟದ ನೆತ್ತಿಯ ಮೇಲೆ ಹೋಗುವ ಆ ದಾರಿ ಬಹಳ ಸುಂದರವಾದದ್ದು. ನಮ್ಮ ಮಲೆನಾಡಿನ ಘಾಟಿಗಳನ್ನು ಬಲ್ಲವರಿಗೆ ಅದರ ತಿರುವುಗಳು ಅಪರಿಚಿತವೆನಿಸಲಾರವು. ಎಲೆಯುದುರುವ ಕಾಲ, ರಸ್ತೆ ತೇವವಾಗಿತ್ತು. ಒಂದು ತಿರುವು ಅವನೆಣಿಸಿದ್ದಕ್ಕಿಂತ ಹೆಚ್ಚಾಗಿ ಬಾಗಿಕೊಂಡಿತು. ಅವನು ಬೆದರಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದನು. ಮರುಕ್ಷಣದಲ್ಲಿ ಕಾರಿನ ಹಿಂಭಾಗವು ಮುಂದೆ ಬಂದಿತ್ತು. ಕಾರು ಬಂದ ದಾರಿಗೇ ಮುಖ ಮಾಡಿ, ಎದುರು ಬರುವವರ ಪಥದಲ್ಲಿ ನಿಂತಿತ್ತು.

“ಎದುರಿಗೆ ಯಾರೂ ಬರಲಿಲ್ಲ. ಬಂದಿದ್ದರೆ…” ಎಂದು ನಿಲ್ಲಿಸಿದನು. ಸ್ವಲ್ಪ ಹೊತ್ತಾದ ಮೇಲೆ ಅವನೇ, “ತಪ್ಪು ಕಾರಿನದಲ್ಲ, ನನ್ನ ಕಾಲಿನದು. ಅಂದಿನಿಂದ ಮೂರು ವಾರ ಅದನ್ನು ಷೆಡ್ಡಿನಿಂದ ತೆಗೆದಿಲ್ಲ. ಮಾರಲೂ ಮನಸ್ಸಿಲ್ಲ, ಮುಟ್ಟಲೂ ಧೈರ್ಯವಿಲ್ಲ. ಶನಿವಾರ ಒಂದು ತರಬೇತಿಯ ಬಯಲಿಗೆ ಹೆಸರು ಕೊಟ್ಟಿದ್ದೇನೆ. ನೀವೂ ಬನ್ನಿ,” ಎಂದನು.

ನಾನು ಸಿದ್ಧಮಾಡಿಕೊಂಡಿದ್ದ ಉಪದೇಶವೆಲ್ಲವೂ ಗಂಟಲಲ್ಲಿಯೇ ಉಳಿಯಿತು.

ಕಾಲು ತೆಗೆದರೆ ಕಾರು ನಿಧಾನವಾಗಬೇಕಷ್ಟೆ, ತಿರುಗಿ ನಿಲ್ಲುವುದೇಕೆ? ಇದನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ತಿಳಿಯತಕ್ಕದ್ದು. ಕಾರು ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಮುಟ್ಟಿಕೊಂಡಿರುವುದು ನಾಲ್ಕು ಅಂಗೈಯಗಲದ ರಬ್ಬರಿನಿಂದ ಮಾತ್ರ. ಓಡುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ಆ ಹಿಡಿತವು ತಿಂಗಳ ಸಂಬಳದಂತೆ. ಒಂದು ಕಡೆಗೆ ಹೆಚ್ಚು ಖರ್ಚು ಮಾಡಿದರೆ ಇನ್ನೊಂದು ಕಡೆಗೆ ಉಳಿಯುವುದಿಲ್ಲ. ತಿರುಗುವುದಕ್ಕೆ ಪೂರ್ತಿ ಹಿಡಿತವನ್ನು ವೆಚ್ಚ ಮಾಡಿರುವಾಗ ಬ್ರೇಕನ್ನೂ ಒತ್ತಿದರೆ ಸಾಲ ಕೊಡುವವರು ಯಾರೂ ಇಲ್ಲ.

ಎರಡನೆಯದಾಗಿ, ಆ ಹಿಡಿತವು ಚಕ್ರದ ಮೇಲೆ ಬೀಳುವ ಭಾರವನ್ನು ಅವಲಂಬಿಸಿದೆ. ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ ಹಿಂಭಾರಗಳ ಮಾತು ಹೊಸದಲ್ಲ. ಕಾರಿನಲ್ಲಿ ಈ ಭಾರವು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ವೇಗ ಹೆಚ್ಚಿಸಿದರೆ ಭಾರವು ಹಿಂದಕ್ಕೆ ಸರಿಯುವುದು. ಕಾಲು ತೆಗೆದರೆ ಅಥವಾ ಬ್ರೇಕು ಒತ್ತಿದರೆ ಮುಂದಕ್ಕೆ ಬರುವುದು. ತಿರುವಿನ ನಡುವೆ ಥಟ್ಟನೆ ಕಾಲು ತೆಗೆದಾಗ ಹಿಂದಿನ ಚಕ್ರಗಳು ಹಗುರವಾಗಿ ಹಿಡಿತವನ್ನು ಕಳೆದುಕೊಳ್ಳುವುವು. ಎಂಜಿನು ಬಾಲದಲ್ಲಿದ್ದರೆ ಆ ಭಾರವು ಕವಣೆಯ ಕಲ್ಲಿನಂತೆ ಹೊರಕ್ಕೆ ಬೀಸುವುದು. ಮುಂದೆ ಎಂಜಿನು ಇಟ್ಟು ಮುಂದಿನ ಚಕ್ರಗಳಿಂದಲೇ ಎಳೆಸುವ ನಮ್ಮ ಮನೆಯ ಕಾರುಗಳಲ್ಲಿ ಕಾಲು ತೆಗೆದರೆ ಸಾಮಾನ್ಯವಾಗಿ ಕಾರು ತಿರುವಿನೊಳಕ್ಕೆ ವಿಧೇಯವಾಗಿ ಬರುತ್ತದೆ. ಹತ್ತಾರು ವರ್ಷ ಅದರಲ್ಲಿ ಪಳಗಿದ ಕಾಲು, ಭಯವಾದೊಡನೆ ತನಗೆ ತಿಳಿದುದನ್ನೇ ಮಾಡುತ್ತದೆ. ಅಲ್ಲಿ ರಕ್ಷಿಸಿದ ಅಭ್ಯಾಸವೇ ಇಲ್ಲಿ ಶತ್ರುವಾಗುತ್ತದೆ.

ಈ ಸ್ವಭಾವವನ್ನು ತಯಾರಕರು ಅರಿಯದವರೇನಲ್ಲ. 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸಿ ಭಾರವನ್ನು ತಕ್ಕಮಟ್ಟಿಗೆ ಸಮಗೊಳಿಸಿದರು. ಬ್ರೇಕು ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ಎ.ಬಿ.ಎಸ್. ಎಂಬ ಸಾಧನವು, ಬೆಂಗಳೂರಿನವರಿಗೆ ಚಿರಪರಿಚಿತವಾದ ಬಾಷ್ ಕಂಪನಿಯಿಂದ, 1978ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಬಂದಿತು. ಕಾರು ಅಡ್ಡ ತಿರುಗತೊಡಗಿದೊಡನೆ ಬೇಕಾದ ಚಕ್ರಕ್ಕೆ ತಾನಾಗಿಯೇ ಬ್ರೇಕು ಹಾಕಿ ಸರಿಪಡಿಸುವ ಸಾಧನವು 1995ರಲ್ಲಿ ಬಂದಿತು. ಇಂದಿನ ವೇಗದ ಕಾರುಗಳಲ್ಲಿ ಇವೆರಡೂ ಇರುತ್ತವೆ. ಅಳಿಯನ ಹಳೆಯ ಕಾರಿನಲ್ಲಿ ಒಂದೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಬಯಲಿಗೆ ಹೋದೆವು. ಕಲಿಸುವವರು ಎಪ್ಪತ್ತರ ಸಮೀಪದ ಮಿತಭಾಷಿ. ಮೊದಲ ಒಂದು ಗಂಟೆ ಅವರು ಕಾರನ್ನು ಚಾಲೂ ಮಾಡಲೂ ಬಿಡಲಿಲ್ಲ, ಕುಳಿತುಕೊಳ್ಳುವುದನ್ನೇ ಕಲಿಸಿದರು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಭುಜವು ಆಸನಕ್ಕೆ ತಗುಲಿರುವಾಗ ಕೈಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ನೆತ್ತಿಯ ಮೇಲೆ ಕೂರಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಸ್ಥಾನದಲ್ಲಿರಬೇಕು. ಕಾರಿನ ಸುದ್ದಿಯೆಲ್ಲ ಬೆನ್ನಿಗೂ ಅಂಗೈಗೂ ಬರುವುದಾದ್ದರಿಂದ, ಸರಿಯಾಗಿ ಕೂರದವನು ಕಿವುಡನಿಗೆ ಸಮಾನನು.

ಆಮೇಲೆ ಬ್ರೇಕಿನ ಪಾಠ. ಹೊಸ ಕಾರಾದರೆ ಆಪತ್ತಿನಲ್ಲಿ ಬ್ರೇಕನ್ನು ಬಲವಾಗಿ ಒತ್ತಿ, ನಡುಗಿದರೂ ಬಿಡದೆ ಹಿಡಿಯಬೇಕು. ಹಳೆಯದರಲ್ಲಿ ಚಕ್ರ ಕಚ್ಚಿಕೊಳ್ಳುವ ಅಂಚಿನವರೆಗೆ ಒತ್ತಿ, ಕಚ್ಚಿದೊಡನೆ ತುಸು ಸಡಿಲಿಸಬೇಕು. ಕಚ್ಚಿದ ಚಕ್ರಕ್ಕೆ ದಿಕ್ಕು ಬದಲಿಸುವ ಶಕ್ತಿಯಿಲ್ಲ. ಬ್ರೇಕೆಲ್ಲವೂ ತಿರುವಿನ ಮುಂಚೆ, ನೇರ ದಾರಿಯಲ್ಲಿಯೇ ಮುಗಿಯಬೇಕು. ನಿಧಾನವಾಗಿ ಒಳಹೊಕ್ಕು, ದಾರಿಯ ಕೊನೆ ಕಂಡ ಮೇಲೆ ಮೆಲ್ಲಗೆ ವೇಗ ಹೆಚ್ಚಿಸಬೇಕು.

ಕೊನೆಗೆ ನೀರು ಹಾಯಿಸಿದ ನುಣುಪಾದ ವರ್ತುಲಕ್ಕೆ ಕರೆದೊಯ್ದರು. ಗಂಟೆಗೆ 40 ಕಿಲೋಮೀಟರು ವೇಗ, ಬಯಲು ವಿಶಾಲ, ಡಿಕ್ಕಿ ಹೊಡೆಯಲು ಏನೂ ಇಲ್ಲ. ಸುತ್ತುತ್ತಿರುವಾಗ ಥಟ್ಟನೆ ಕಾಲು ತೆಗೆಯಲು ಹೇಳಿದರು. ಕಪ್ಪುಕಾಡಿನಲ್ಲಿ ಆದುದೇ ಮತ್ತೊಮ್ಮೆ ಆಯಿತು. ಕಾರು ಬುಗುರಿಯಂತೆ ತಿರುಗಿ ನಿಂತಿತು. ಅಳಿಯನ ಮುಖ ಬಿಳಿಚಿತ್ತು. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ ಹಾಗೆಯೇ. ಪ್ರತಿ ಸಲವೂ ಅವನು ತಾನು ಜಾರುತ್ತಿದ್ದ ಕಡೆಗೇ ನೋಡುತ್ತಿದ್ದನು. ಗುರುಗಳು ಅವನ ಗಲ್ಲವನ್ನು ಎರಡು ಬೆರಳಿನಿಂದ ಹಿಡಿದು, ಹೋಗಬೇಕಾದ ಕಡೆಗೆ ತಿರುಗಿಸಿದರು. ಕಣ್ಣು ಹೋದಲ್ಲಿಗೆ ಕೈ ಹೋಗುತ್ತದೆ, ಕೈ ಹೋದಲ್ಲಿಗೆ ಕಾರು. ನಾಲ್ಕನೆಯ ಸಲ ಹಿಂಭಾಗ ಬೀಸಿತು. ಅವನು ದೂರ ನೋಡುತ್ತಲೇ, ಹಿಂಭಾಗ ಜಾರಿದ ದಿಕ್ಕಿಗೆ ಸ್ಟಿಯರಿಂಗನ್ನು ಥಟ್ಟನೆ ತಿರುಗಿಸಿ, ಕಾರು ನೆಟ್ಟಗಾದೊಡನೆ ಹಿಂದಕ್ಕೆ ತಂದನು. ಕಾರು ನಿಲ್ಲದೆ ಮುಂದೆ ಹೋಯಿತು. ಅವನು ಏನೂ ಮಾತನಾಡಲಿಲ್ಲ. ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೂ ಕಾಣದಂತಿದ್ದೆನು.

ಖಾಸಗಿ ಬಯಲಾದ್ದರಿಂದ ನನಗೂ ಒಂದು ಸುತ್ತು ದೊರೆಯಿತು. 30 ಕಿಲೋಮೀಟರು ವೇಗದಲ್ಲಿಯೇ ನಾನು ಒಂದೂವರೆ ಸುತ್ತು ಗಿರಕಿ ಹೊಡೆದು ನಿಂತೆನು. ಇಪ್ಪತ್ತು ವರ್ಷದ ನನ್ನ ನಿಷ್ಕಳಂಕ ಕೀರ್ತಿಯ ಬೆಲೆ ಎಷ್ಟೆಂಬುದು ಅಲ್ಲಿ ತಿಳಿಯಿತು. ನಾನು ಜಾಣನಾಗಿದ್ದೆನೆಂಬುದಕ್ಕಿಂತ, ನನ್ನ ಕಾರು ನನ್ನನ್ನು ಎಂದೂ ಪರೀಕ್ಷಿಸಿರಲಿಲ್ಲವೆಂಬುದೇ ಸತ್ಯ.

ಮಧ್ಯಾಹ್ನ ಊಟದ ಹೊತ್ತಿಗೆ ಗುರುಗಳು ಕಾಗದದ ಮೇಲೆ ಒಂದು ಲೆಕ್ಕ ಬರೆದು ತೋರಿಸಿದರು. ಗೃಹಸ್ಥರೆಲ್ಲರೂ ತಿಳಿಯಬೇಕಾದ ಲೆಕ್ಕವದು. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡು ಹಿಡಿಯುವುದೆಂದು ಇಟ್ಟುಕೊಳ್ಳೋಣ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಆ ಒಂದು ಸೆಕೆಂಡಿಗೆ 28 ಮೀಟರು ಹೋಗಿಬಿಡುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟಯರಿನಲ್ಲಿ, ನಿಲ್ಲಲು ಮತ್ತೆ ಸುಮಾರು 40 ಮೀಟರು ಬೇಕು. ವೇಗವು 200 ಆದರೆ ಮೊದಲನೆಯದು ಇಮ್ಮಡಿಸಿ 56 ಆಗುತ್ತದೆ. ಎರಡನೆಯದು ಮಾತ್ರ ನಾಲ್ಮಡಿಸಿ 160 ಆಗುತ್ತದೆ. ಒಟ್ಟು 68 ಮೀಟರು ಇದ್ದದ್ದು 216 ಆಯಿತು. ಜರ್ಮನಿಯ ಹೆದ್ದಾರಿಗಳಲ್ಲಿ ಹಲವು ಕಡೆ ವೇಗಕ್ಕೆ ಮಿತಿಯಿಲ್ಲವೆಂದು ನಾವು ಬೆರಗಿನಿಂದ ಹೇಳಿಕೊಳ್ಳುತ್ತೇವೆ. ಅಲ್ಲಿಯೂ ಸರ್ಕಾರವು ಸಲಹೆ ಮಾಡಿರುವ ವೇಗ 130. ಇದಲ್ಲದೆ, ಲೈಸೆನ್ಸು ಬೇಕಾದವನು ಗುರುವಿನೊಡನೆ ಊರಹೊರಗಿನ ರಸ್ತೆಯಲ್ಲಿ ಐದು, ಹೆದ್ದಾರಿಯಲ್ಲಿ ನಾಲ್ಕು, ಕತ್ತಲೆಯಲ್ಲಿ ಮೂರು ಪಾಠಗಳನ್ನು ಮುಗಿಸಲೇಬೇಕೆಂಬ ನಿಯಮವುಂಟು. ಆ ಸ್ವಾತಂತ್ರ್ಯದ ಹಿಂದೆ ಈ ಶಿಕ್ಷಣವಿದೆ.

ನಮ್ಮ ದೇಶದಲ್ಲಿಯೂ ಈಗ ಮಹಾಬಲದ ಕಾರುಗಳು ಮನೆಮನೆಗಳ ಮುಂದೆ ಕಾಣಿಸಿಕೊಳ್ಳುತ್ತಿವೆ. ಹಣವುಳ್ಳ ತಂದೆಗಳು ಲೈಸೆನ್ಸಿನ ಶಾಯಿ ಆರುವ ಮುಂಚೆಯೇ ಮಕ್ಕಳ ಕೈಗೆ ಬೀಗದ ಕೈ ಕೊಡುತ್ತಿದ್ದಾರೆ. ಅವರಲ್ಲಿ ನನ್ನ ಬಿನ್ನಹ ಇಷ್ಟೆ. ಮೊದಲು ಸಾಧಾರಣ ಕಾರಿನಲ್ಲಿ ಕೆಲವು ವರ್ಷ ಪಳಗಲಿ. ವೇಗದ ಕಾರು ಬಂದ ಮೇಲೆ, ರಸ್ತೆಗಿಂತ ಮೊದಲು ಬಯಲನ್ನೂ, ಬಯಲಿನಲ್ಲಿ ಗುರುವನ್ನೂ ಹುಡುಕಲಿ. ಟಯರು ತಣ್ಣಗಿರುವಾಗ, ಹಳತಾದಾಗ, ರಸ್ತೆ ತೇವವಾದಾಗ ಹಿಡಿತವು ಅರ್ಧಕ್ಕೂ ಇಳಿಯಬಹುದೆಂಬುದನ್ನು ಮರೆಯದಿರಲಿ. ಕಾರನ್ನು ತಾನಾಗಿಯೇ ಸರಿಪಡಿಸುವ ಸಾಧನವನ್ನು ರಸ್ತೆಯಲ್ಲಿ ಎಂದೂ ಆರಿಸದಿರಲಿ. ಬಯಲಿನಲ್ಲಿ ಕಲಿತ ವಿದ್ಯೆಯು ರಸ್ತೆಯಲ್ಲಿ ಇನ್ನೂ ವೇಗವಾಗಿ ಹೋಗಲು ಪರವಾನಗಿಯೆಂದು ತಿಳಿಯುವವನು ಏನನ್ನೂ ಕಲಿತಿಲ್ಲ.

ಹಿಂದಿರುಗುವಾಗ ಮಳೆ ಹಿಡಿಯಿತು. ಅಳಿಯನು ಎಷ್ಟು ನಿಧಾನವಾಗಿ ನಡೆಸಿದನೆಂದರೆ ಒಂದು ಬಸ್ಸು ನಮ್ಮನ್ನು ದಾಟಿಕೊಂಡು ಹೋಯಿತು. “ಮಾವಾ, ಬೇಸರವಾಯಿತೆ?” ಎಂದು ಕೇಳಿದನು. ಇಲ್ಲವೆಂದೆನು. ದಾರಿಯಲ್ಲಿ ನ್ಯೂರ್ಬರ್ಗ್‌ರಿಂಗ್‌ನ ಮಾತು ಬಂದಿತು. 1927ರಲ್ಲಿ ತೆರೆದ, ಸುಮಾರು 21 ಕಿಲೋಮೀಟರು ಉದ್ದದ ಆ ಓಟದ ದಾರಿಯಲ್ಲಿ ಗೊತ್ತಾದ ದಿನಗಳಲ್ಲಿ ಹಣ ಕೊಟ್ಟು ಯಾರು ಬೇಕಾದರೂ ಕಾರು ಓಡಿಸಬಹುದು. ಕಾರು ಕೊಂಡಾಗ ಅಲ್ಲಿಗೆ ಹೋಗುವುದೇ ಅವನ ಕನಸಾಗಿತ್ತು. “ಇನ್ನೆರಡು ವರ್ಷ ಬೇಡ,” ಎಂದು ಅವನೇ ಹೇಳಿದನು.

ತಂಗಿಗೆ ನಾನು ಏನು ಹೇಳಲಿ? ಮಾರಿಸುತ್ತೇನೆಂದು ಹೋದವನು ಮಾರಿಸದೆ ಬಂದೆನು. ಗುಟ್ಟನ್ನು ಒಡೆಯಲಿಲ್ಲ. ಆದರೆ ನಾನು ಹೊರಡುವ ಮುನ್ನ ಅವನೇ ತಾಯಿಗೆ ದೂರವಾಣಿ ಮಾಡಿ, ಕಪ್ಪುಕಾಡಿನಲ್ಲಿ ನಡೆದುದನ್ನು ಒಂದನ್ನೂ ಬಿಡದೆ ಹೇಳಿದನು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮಗುವನ್ನು ಅದರಲ್ಲಿ ಕೂರಿಸುತ್ತೀಯಾ?” ಎಂದು ಕೇಳಿದಳು. “ಇನ್ನೂ ಇಲ್ಲಮ್ಮ. ಕೂರಿಸಬಹುದು ಎಂದು ನನಗೆ ಅನ್ನಿಸಿದ ದಿನ ಮೊದಲು ನಿನ್ನನ್ನು ಕೇಳುತ್ತೇನೆ,” ಎಂದನು.

ಈಗ ಪ್ರತಿ ಭಾನುವಾರವೂ ಆಕೆ ಕ್ಷೇಮಸಮಾಚಾರಕ್ಕಿಂತ ಮೊದಲು ಕೇಳುವುದು, ಅಲ್ಲಿ ಮಳೆ ಬರುತ್ತಿದೆಯೇ ಎಂದು. ಬರುತ್ತಿದೆ ಎಂದಾದರೆ, ಕಾರು ಷೆಡ್ಡಿನಲ್ಲಿದೆ ಎಂದು ಅವನು ಉತ್ತರ ಕೊಡುತ್ತಾನೆ.