ದೀಕ್ಷಾಸ್ನಾನಕ್ಕೂ ಹೋಗದ ಶಾಪ ಯಾವುದು?



ಕೆಲವು ತಿಂಗಳುಗಳಿಂದ ನಮ್ಮ ಧರ್ಮಕೇಂದ್ರದ ಮನೆಗಳಲ್ಲಿ ಒಂದು ಮಾತು ಓಡಾಡುತ್ತಿದೆ. ಮಗಳ ಮದುವೆ ಕೂಡಿಬರುತ್ತಿಲ್ಲವೇ? ಗಂಡ ಕುಡಿತ ಬಿಡುತ್ತಿಲ್ಲವೇ? ಮಗುವಿಗೆ ಮಾತು ಬರಲಿಲ್ಲವೇ? "ಅದು ನಿಮ್ಮ ಹಿರಿಯರ ಶಾಪ. ನಾಲ್ಕು ತಲೆಮಾರಿನಿಂದ ಇಳಿದು ಬಂದದ್ದು. ಮೊದಲು ಅದನ್ನು ಮುರಿಯಬೇಕು." ಮಲಯಾಳ ಯೂಟ್ಯೂಬ್ ಪ್ರವಚನದಲ್ಲಿ ಇದೇ ಮಾತು, ಕೊಂಕಣಿ ವಾಟ್ಸಾಪ್ ಆಡಿಯೋದಲ್ಲೂ ಇದೇ ಮಾತು. ಈಗ ಚೌಕ ಹಾಕಿದ ಒಂದು ಕಾಗದವೂ ಕೈಯಿಂದ ಕೈಗೆ ದಾಟುತ್ತಿದೆ. ಅಜ್ಜ ಹೇಗೆ ಸತ್ತರು, ಅಜ್ಜಿಯ ತವರಿನಲ್ಲಿ ಯಾರಿಗಾದರೂ ಬುದ್ಧಿಭ್ರಮಣೆ ಇತ್ತೇ, ಯಾರಾದರೂ ಮಂತ್ರವಾದಿಯ ಬಳಿ ಹೋಗಿದ್ದರೇ ಎಂದೆಲ್ಲ ಅದರಲ್ಲಿ ತುಂಬಿಸಬೇಕಂತೆ.

ಇದನ್ನು ಸ್ವಲ್ಪ ಮೆತ್ತಗೆ ಹೇಳಿ ಎಂದು ಹಿರಿಯರೊಬ್ಬರು ನಮಗೆ ಬುದ್ಧಿ ಹೇಳಿದರು. ಅವರ ಮೇಲೆ ಗೌರವವಿದೆ. ಆದರೂ ಮೆತ್ತಗೆ ಹೇಳಲು ನಮ್ಮಿಂದ ಆಗುವುದಿಲ್ಲ. ಈ ಬೋಧನೆ ತಪ್ಪು. ಅದರಲ್ಲೂ ಕಾಸರಗೋಡಿನ ಮಣ್ಣಿನಲ್ಲಿ ನಿಂತು ಇದನ್ನು ಬೋಧಿಸುವುದು ಕ್ರೌರ್ಯ.

ಯಾಕೆ ಹಾಗೆನ್ನುತ್ತೇವೆ ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇವೆ. ಇಲ್ಲಿ ಸುಮಾರು 4,600 ಹೆಕ್ಟೇರ್ ಸರಕಾರಿ ಗೇರು ತೋಟವಿದೆ. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ತೋಡು, ಸುರಂಗ, ಬಾವಿ, ಶಾಲೆ, ಮನೆ ಎಲ್ಲ ಇದ್ದವು. ಎಣ್ಮಕಜೆ, ಸ್ವರ್ಗ (ಹೌದು, ಊರಿನ ಹೆಸರೇ ಸ್ವರ್ಗ), ಪಡ್ರೆ, ಬೆಳ್ಳೂರು, ಮುಳಿಯಾರು, ಪೆರಿಯ ಮುಂತಾದ ಕಡೆಗಳಲ್ಲಿ ತಲೆ ದೊಡ್ಡದಾದ, ಕೈಕಾಲು ಸೊಟ್ಟಗಾದ, ಬುದ್ಧಿ ಬೆಳೆಯದ ಮಕ್ಕಳು ಹುಟ್ಟಿದರು. ಮೊದಮೊದಲು ಊರವರು ಏನೆಂದುಕೊಂಡರು? ದೈವದ ಮುನಿಸು ಎಂದು, ಶಾಪ ಎಂದು. ಹಾಗೆ ತಿಳಿದಷ್ಟು ಕಾಲವೂ ಯಾರೂ ತಲೆಯೆತ್ತಿ ಹೆಲಿಕಾಪ್ಟರಿನ ಕಡೆ ನೋಡಲಿಲ್ಲ, ಮೇಲಿನಿಂದ ವಿಷ ಬೀಳುತ್ತಲೇ ಇತ್ತು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ, ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದು ನ್ಯಾಯಾಲಯದ ಮೆಟ್ಟಿಲೇರಿದ ಲೀಲಾಕುಮಾರಿಯಮ್ಮ, ಇಂಥವರು "ಇದಕ್ಕೆ ಕಾರಣ ಏನು" ಎಂದು ಬಿಡದೆ ಕೇಳಿದ್ದರಿಂದ ಸತ್ಯ ಹೊರಬಂತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿಯೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು.

ಈಗ ಯೋಚಿಸಿ. ಹಾಸಿಗೆಯಲ್ಲೇ ಇಪ್ಪತ್ತು ವರ್ಷ ದಾಟಿದ ಮಗನನ್ನು ಇಂದಿಗೂ ಎತ್ತಿ ಮೀಯಿಸುವ ಒಬ್ಬ ತಾಯಿಯ ಮುಂದೆ ನಿಂತು "ನಿಮ್ಮ ಕುಟುಂಬದಲ್ಲಿ ಯಾರೋ ಪಾಪ ಮಾಡಿದ್ದಾರೆ" ಎನ್ನುವ ಬೋಧಕ ಎಂಥವನು? ಅವನ ಬಾಯಲ್ಲಿ ಯೇಸುವಿನ ಹೆಸರು ಇರಬಹುದು. ಆದರೆ ಆ ಮಾತು ಯೇಸುವಿನದ್ದಲ್ಲ. ಹುಟ್ಟು ಕುರುಡನನ್ನು ಕಂಡು ಶಿಷ್ಯರು ಕೇಳಿದ್ದು ಇದೇ ಪ್ರಶ್ನೆ: ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಎಂದರು ಪ್ರಭು (ಯೊವಾನ್ನ 9:2-3). ಸ್ವತಃ ಕ್ರಿಸ್ತರು ಮುಚ್ಚಿದ ಬಾಗಿಲು ಅದು. ಅದನ್ನು ಮತ್ತೆ ತೆರೆಯುವ ಅಧಿಕಾರ ಇವರಿಗೆ ಕೊಟ್ಟವರು ಯಾರು?

ಈ ಬೋಧಕರು ಸದಾ ಎತ್ತಿ ತೋರಿಸುವ ವಾಕ್ಯ ವಿಮೋಚನಾಕಾಂಡ 20:5. ತಂದೆಯ ದೋಷಕ್ಕೆ ಮೂರು ನಾಲ್ಕು ತಲೆಮಾರಿನವರೆಗೆ ಶಿಕ್ಷೆ ಎಂಬ ವಾಕ್ಯ. ಬೈಬಲ್ ನಿಮ್ಮ ಮನೆಯಲ್ಲೂ ಇದೆ, ತೆರೆದು ನೋಡಿ. ಆ ಮಾತು ದೇವರನ್ನು ದ್ವೇಷಿಸುವವರ ಬಗ್ಗೆ ಇದೆ. ಅದರ ಮರುವಾಕ್ಯವೇ ದೇವರ ಕರುಣೆ ಸಾವಿರ ತಲೆಮಾರಿಗೆ ಎನ್ನುತ್ತದೆ. ನಾಲ್ಕು ದೊಡ್ಡದೋ ಸಾವಿರ ದೊಡ್ಡದೋ? ಲೆಕ್ಕ ಬರುವವರಿಗೆ ಇಷ್ಟು ಸಾಕು. ಮುಂದೆ ಇಸ್ರಯೇಲರು ಗಡೀಪಾರಾಗಿದ್ದಾಗ, ಅಪ್ಪಂದಿರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬ ಗಾದೆ ಹೇಳಿಕೊಂಡು ಕೂತಿದ್ದರು. ಇನ್ನು ಆ ಗಾದೆ ಹೇಳಬೇಡಿ ಎಂದು ದೇವರು ಯೆಜೆಕಿಯೇಲನ ಮೂಲಕ ಒಂದು ಇಡೀ ಅಧ್ಯಾಯವನ್ನೇ ಕೊಟ್ಟರು (ಅಧ್ಯಾಯ 18). ಮಗ ತಂದೆಯ ಪಾಪವನ್ನು ಹೊರುವುದಿಲ್ಲ ಎಂಬುದೇ ಅದರ ತಿರುಳು. ಒಂದು ವಾಕ್ಯ ಹಿಡಿದು ಒಂದು ಅಧ್ಯಾಯ ಬಿಡುವುದು ಹೊಸ ವಿದ್ಯೆಯೇನಲ್ಲ. ಮರುಭೂಮಿಯಲ್ಲಿ ಸೈತಾನನೂ ಕೀರ್ತನೆಯ ವಾಕ್ಯವನ್ನೇ ಹೇಳಿದ್ದ, ತನಗೆ ಬೇಕಾದಷ್ಟು ಮಾತ್ರ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ದೀಕ್ಷಾಸ್ನಾನದ್ದು. ನಮ್ಮನ್ನು ಎಳೆಗೂಸಾಗಿ ಎತ್ತಿಕೊಂಡು ಹೋಗಿ ನೀರೆರೆದಾಗ ಏನಾಯಿತು? ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (1263ನೆಯ ಪರಿಚ್ಛೇದ) ಸ್ಪಷ್ಟವಾಗಿಯೇ ಹೇಳುತ್ತದೆ: ಆದಿಪಾಪ, ಸ್ವಂತ ಪಾಪ, ಪಾಪಕ್ಕೆ ಸಲ್ಲಬೇಕಾದ ಶಿಕ್ಷೆ ಎಲ್ಲವೂ ಕ್ಷಮೆಯಾಗುತ್ತವೆ. ಎಲ್ಲವೂ. ಹಾಗಿದ್ದ ಮೇಲೆ ಆದಾಮನ ಪಾಪವನ್ನೇ ತೊಳೆದ ನೀರಿಗೆ ನಮ್ಮ ಮುತ್ತಜ್ಜನ ಪಾಪ ತೊಳೆಯಲು ಆಗಲಿಲ್ಲವೇ? ವಂಶದ ಶಾಪ ಇನ್ನೂ ಉಳಿದಿದೆ ಎನ್ನುವವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಶಿಲುಬೆಯ ಕೆಲಸ ಅರ್ಧಕ್ಕೇ ನಿಂತಿದೆ ಎನ್ನುತ್ತಿದ್ದಾರೆ. ಇದು ನಮ್ಮದೊಂದು ವಾದ ಮಾತ್ರ ಎಂದುಕೊಳ್ಳಬೇಡಿ. 2024ರಲ್ಲಿ ಸ್ಪೇನ್ ದೇಶದ ಧರ್ಮಾಧ್ಯಕ್ಷರು ಇಂಥ ವಂಶಶುದ್ಧಿ ಪ್ರಾರ್ಥನೆಗಳ ಬಗ್ಗೆಯೇ ಒಂದು ಟಿಪ್ಪಣಿ ಹೊರಡಿಸಿ, ಇದಕ್ಕೆ ಧರ್ಮಸಭೆಯ ಬೋಧನೆಯಲ್ಲಿ ಆಧಾರವಿಲ್ಲ ಎಂದು ತಡೆ ಹಾಕಿದ್ದಾರೆ.

ನಮ್ಮ ಮಾತನ್ನು ತಿರುಚುವವರೂ ಇದ್ದಾರೆ, ಆದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ರೋಗಿಗಾಗಿ ಪ್ರಾರ್ಥಿಸಬೇಡಿ ಎಂದು ನಾವು ಹೇಳುತ್ತಿಲ್ಲ. ಧರ್ಮಸಭೆಯಲ್ಲಿ ಅದಕ್ಕೊಂದು ಸಂಸ್ಕಾರವೇ ಇದೆ, ಫಾದರ್ ಅವರನ್ನು ಕರೆದರೆ ತೈಲ ಹಿಡಿದುಕೊಂಡು ಮನೆಗೆ ಬರುತ್ತಾರೆ, ಅಜ್ಜನ ಜಾತಕ ಕೇಳುವುದಿಲ್ಲ. ಸತ್ತ ಹಿರಿಯರಿಗಾಗಿ ಪ್ರಾರ್ಥಿಸುವುದೂ ನಮ್ಮ ಧರ್ಮ. ನವೆಂಬರ್ ತಿಂಗಳಿಡೀ ಸಿಮಿತಿಗೆ ಹೋಗಿ ಮೇಣದಬತ್ತಿ ಹಚ್ಚುವವರು ನಾವು. ಆದರೆ ಅಜ್ಜನಿಗಾಗಿ ಪ್ರಾರ್ಥಿಸುವುದು ಬೇರೆ, ಅಜ್ಜನ ವಿರುದ್ಧ ಪ್ರಾರ್ಥಿಸುವುದು ಬೇರೆ. ಕುಡಿತ, ಸಕ್ಕರೆ ಕಾಯಿಲೆ, ಖಿನ್ನತೆ ಇವು ಕೆಲವು ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣಿಸುವುದು ನಿಜ. ವಿಜ್ಞಾನ ಓದಿದ ನಮಗೆ ಅದು ಗೊತ್ತು. ವಂಶವಾಹಿಯಲ್ಲಿ ರೋಗದ ಒಲವು ಬರಬಹುದು, ಪಾಪ ಬರುವುದಿಲ್ಲ. ಕುಡಿತಕ್ಕೆ ಚಿಕಿತ್ಸೆಯಿದೆ, ಖಿನ್ನತೆಗೆ ಮದ್ದಿದೆ. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದರು ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಹೇಳುತ್ತದೆ. ಶಾಪ ಮುರಿದಾಯಿತು ಎಂದು ಮಾತ್ರೆ ನಿಲ್ಲಿಸಿದವರ ಗತಿ ಏನಾಗುತ್ತದೆ ಎಂದು ಯಾವ ದಾದಿಯನ್ನು ಕೇಳಿದರೂ ಹೇಳಿಯಾರು. ನಮ್ಮ ಇಗರ್ಜಿಯಲ್ಲಿ ದಾದಿಯರಿಗೇನೂ ಕೊರತೆಯಿಲ್ಲ.

"ತೀರ್ಪು ಮಾಡಬೇಡಿ, ಪ್ರೀತಿಯಿದ್ದರೆ ಸಾಕು, ಬೋಧನೆ ಗೀಧನೆ ಎಲ್ಲ ಫಾದರ್‌ಗಳಿಗೆ" ಎಂಬ ಇನ್ನೊಂದು ಮಾತೂ ಕೇಳಿಬರುತ್ತಿದೆ. ಕೇಳಲು ಹಿತವಾಗಿದೆ. ಆದರೆ ಬೆರೋಯದ ಜನ ಪೌಲನ ಬೋಧನೆಯನ್ನೇ ದಿನವೂ ಧರ್ಮಗ್ರಂಥಕ್ಕೆ ಹೋಲಿಸಿ ನೋಡುತ್ತಿದ್ದರು, ಅದಕ್ಕಾಗಿ ಅವರನ್ನು ಹೊಗಳಲಾಗಿದೆ (ಪ್ರೇಷಿತರ ಕಾರ್ಯಕಲಾಪಗಳು 17:11). ಪೌಲನಿಗೇ ಈ ಪರೀಕ್ಷೆ ಇತ್ತು. ಯೂಟ್ಯೂಬಿನವರಿಗೆ ಯಾಕೆ ವಿನಾಯಿತಿ? ತಿಮೊಥೇಯನಿಗೂ ತೀತನಿಗೂ ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಮಾತನ್ನು ಹಳೆಯ ಕನ್ನಡ ಬೈಬಲಿನಲ್ಲಿ "ಸ್ವಸ್ಥಬೋಧನೆ" ಎಂದಿದ್ದಾರೆ. ಆರೋಗ್ಯವಾಗಿರುವ ಬೋಧನೆ ಎಂದರ್ಥ. ಮೂಲ ಗ್ರೀಕ್ ಪದಕ್ಕೂ ನಾವು ಆಸ್ಪತ್ರೆಯಲ್ಲಿ ಕೇಳುವ ಹೈಜೀನ್ ಎಂಬ ಪದಕ್ಕೂ ಒಂದೇ ಬೇರು. ಬಾವಿಯ ನೀರು ಕೆಟ್ಟಿದೆ ಎಂದು ಹೇಳುವವನು ಪ್ರೀತಿಯಿಲ್ಲದವನೇ? ನಮ್ಮ ಜಿಲ್ಲೆಯಲ್ಲಂತೂ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಈ ಶಾಪದ ಮಾತು ಇಷ್ಟು ಬೇಗ ಹಬ್ಬಲು ಕಾರಣ ಹೊರಗಿನವರು ಮಾತ್ರವಲ್ಲ. ದೃಢೀಕರಣ ಸಂಸ್ಕಾರ ಆದದ್ದೇ ಆದದ್ದು, ದೊತೊರ್ನ್ ಪುಸ್ತಕ ಅಟ್ಟ ಸೇರುತ್ತದೆ. ಸೀರೆಗೆ, ಕೇಟರಿಂಗಿಗೆ, ಫೋಟೋಗೆ ಆದ ಖರ್ಚು ನೆನಪಿರುತ್ತದೆ, ಸಂಸ್ಕಾರದ ಅರ್ಥ ಕೇಳಿದರೆ ಮೌನ. ಅದರ ಮೇಲೆ ಭಾಷೆಯ ತೊಂದರೆ ಬೇರೆ. ಮಕ್ಕಳು ಶಾಲೆಯಲ್ಲಿ ಓದುವುದು ಇಂಗ್ಲಿಷ್ ಮತ್ತು ಮಲಯಾಳ. ಮನೆಯಲ್ಲಿ ಆಡುವುದು ಕೊಂಕಣಿ ಅಥವಾ ತುಳು. ನಮ್ಮ ಪ್ರಾರ್ಥನೆಯ ಪುಸ್ತಕ, ಬೈಬಲ್, ದೊತೊರ್ನ್ ಎಲ್ಲ ಇರುವುದು ಕನ್ನಡ ಲಿಪಿಯಲ್ಲಿ. ಏಳನೆಯ ತರಗತಿಯ ಹುಡುಗ ವಿಶ್ವಾಸ ಸಂಗ್ರಹವನ್ನು ಬಾಯಿಪಾಠ ಒಪ್ಪಿಸುತ್ತಾನೆ, ಪುಸ್ತಕ ಕೊಟ್ಟು ಒಂದು ಸಾಲು ಓದು ಎಂದರೆ ತಡವರಿಸುತ್ತಾನೆ. ತನ್ನ ಧರ್ಮದ ಪುಸ್ತಕವನ್ನು ತಾನೇ ಓದಲಾರದವನು ಇನ್ನೊಬ್ಬ ಓದಿ ಹೇಳಿದ್ದನ್ನು ನಂಬಲೇಬೇಕಲ್ಲ! ಆ ಇನ್ನೊಬ್ಬ ಯಾರು ಎಂಬುದನ್ನು ಈಗ ಮೊಬೈಲು ತೀರ್ಮಾನಿಸುತ್ತಿದೆ. ಗಡಿಯಲ್ಲಿ ಕನ್ನಡ ಉಳಿಸಿ ಎಂದು ಭಾಷಣ ಮಾಡುವವರು ಬೇರೆ ಕಾರಣಗಳನ್ನು ಹೇಳುತ್ತಾರೆ. ನಮಗೆ ಈ ಒಂದು ಕಾರಣವೇ ಸಾಕು.

ಆದ್ದರಿಂದ ಪಾಲನಾ ಮಂಡಳಿಯ ಮುಂದೆ ಎರಡು ಬೇಡಿಕೆ ಇಡುತ್ತಿದ್ದೇವೆ. ಆದಿತ್ಯವಾರದ ದೊತೊರ್ನ್‌ಗೆ ಮೊದಲು ಅರ್ಧ ಗಂಟೆ ಕನ್ನಡ ಓದಿಸುವ ತರಗತಿ ನಡೆಯಲಿ. ಕಲಿಸಲು ನಾವು ಯುವಜನರು ತಯಾರಿದ್ದೇವೆ, ಸಂಬಳ ಬೇಡ, ಒಂದು ಕೋಣೆ ಮತ್ತು ಕರಿಹಲಗೆ ಕೊಟ್ಟರೆ ಸಾಕು. ಎರಡನೆಯದು, ವಾರ್ಡಿಗೆ ಹೊರಗಿನಿಂದ ಯಾರನ್ನಾದರೂ ಪ್ರಾರ್ಥನೆಗೆ, ಧ್ಯಾನಕ್ಕೆ ಕರೆಯುವ ಮೊದಲು ಗುರ್ಕಾರರು ಫಾದರ್ ಅವರನ್ನು ಕೇಳಬೇಕು ಎಂಬ ನಿಯಮವಾಗಲಿ. ಬೋಧಕರು ಯಾರು, ಯಾರ ಅನುಮತಿಯಿಂದ ಬೋಧಿಸುತ್ತಾರೆ, ಏನು ಬೋಧಿಸುತ್ತಾರೆ, ಹಣ ಕೇಳುತ್ತಾರೆಯೇ, ಇವಿಷ್ಟು ವಿಚಾರಿಸಲು ಒಂದು ಫೋನ್ ಕರೆ ಸಾಕು.

ಅಪ್ಪಅಮ್ಮಂದಿರಲ್ಲಿಯೂ ಒಂದು ವಿನಂತಿ. ರಾತ್ರಿ ತೇರ್ಸ್ ಆದ ಮೇಲೆ ಟಿವಿ ಹಾಕುವ ಮುಂಚೆ ಮಗುವಿನ ಕೈಗೆ ಬೈಬಲ್ ಕೊಟ್ಟು ಹತ್ತು ವಾಕ್ಯ ಓದಿಸಿ. ತಡವರಿಸಿದರೆ ಬೈಯಬೇಡಿ. ಈ ವಾರ ಯೊವಾನ್ನನ 9ನೆಯ ಅಧ್ಯಾಯದಿಂದ ಶುರು ಮಾಡಬಹುದು.