ಮನೆಯ ಕಂಪ್ರೆಸರ್: ಯಾವುದು ರಿಪೇರಿಗೆ, ಯಾವುದು ಗುಜರಿಗೆ?

ನಮ್ಮ ಸಣ್ಣ ಬೆಳೆಗಾರರ ಕೊಟ್ಟಿಗೆಗಳಲ್ಲಿ ಏರ್ ಕಂಪ್ರೆಸರ್ ಈಗ ಅಪರೂಪದ ವಸ್ತುವಲ್ಲ. ಜೀಪಿಗೂ ಕೈಗಾಡಿಗೂ ಗಾಳಿ ತುಂಬಲು, ಕಳೆ ಕೊಚ್ಚುವ ಯಂತ್ರದ ಫಿಲ್ಟರ್ ಊದಲು, ಅಡಿಕೆ ಸುಲಿಯುವ ಯಂತ್ರದ ಮೋಟಾರಿನಲ್ಲಿ ಕುಳಿತ ಸಿಪ್ಪೆಯ ಧೂಳು ತೆಗೆಯಲು, ಸುಣ್ಣ ಕಟ್ಟಿದ ಸ್ಪ್ರೇಯರಿನ ನಾಜಲ್ ಬಿಡಿಸಲು ಅದು ಬೇಕು. ಪಂಕ್ಚರ್ ಅಂಗಡಿ ಹತ್ತು ಮೈಲು ಆಚೆಗಿರುವವರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಆದರೆ ಅದು ಕೆಟ್ಟಾಗ ನಡೆದುಕೊಳ್ಳುವ ರೀತಿ ಮಾತ್ರ ತಲೆಕೆಳಗಾಗಿದೆ. ಮೋಟಾರು ಗುಂಯ್ ಎಂದು ನಿಂತುಬಿಟ್ಟರೆ ‘ಸುಟ್ಟುಹೋಯಿತು’ ಎಂದು ಗುಜರಿಯವನಿಗೆ ಕೊಡುತ್ತೇವೆ. ಟ್ಯಾಂಕಿನ ತಳದಲ್ಲಿ ಸೂಜಿಮೊನೆಯಷ್ಟು ತೂತಾದರೆ ವೆಲ್ಡಿಂಗ್ ಅಂಗಡಿಗೆ ಹೊತ್ತೊಯ್ಯುತ್ತೇವೆ. ಮೊದಲನೆಯದು ಬಹುಪಾಲು ಅಲ್ಪ ಖರ್ಚಿನಲ್ಲಿ ಸರಿಹೋಗುವಂಥದು. ಎರಡನೆಯದು ಪ್ರಾಣಕ್ಕೆ ಎರವಾಗುವಂಥದು.

ಮೋಟಾರಿನ ವಿಚಾರವನ್ನೇ ಮೊದಲು ನೋಡೋಣ. ಪ್ಲಗ್ ಕಿತ್ತು, ಟ್ಯಾಂಕಿನ ಗಾಳಿಯನ್ನೆಲ್ಲ ಬಿಟ್ಟು, ಆಮೇಲೆ ಚಾಲೂ ಮಾಡಬೇಕು. ಖಾಲಿ ಟ್ಯಾಂಕಿನಲ್ಲಿ ಸಲೀಸಾಗಿ ಎದ್ದಿತೋ, ಮೋಟಾರು ಕೆಟ್ಟಿಲ್ಲವೆಂದೇ ಹೆಚ್ಚುಕಡಿಮೆ ಹೇಳಬಹುದು. ಯಂತ್ರ ನಿಂತಾಗಲೆಲ್ಲ ಪ್ರೆಷರ್ ಸ್ವಿಚ್ಚಿನ ಬಳಿ ಒಂದು ಸಲ ‘ಪುಸ್’ ಎಂದು ಗಾಳಿ ಹೊರಬೀಳುವುದನ್ನು ತಾವು ಕೇಳಿರಬಹುದು. ಹೆಡ್ಡಿನಿಂದ ಬರುವ ಕೊಳವೆಯಲ್ಲಿ ಉಳಿದ ಒತ್ತಡ ಇಳಿಯುವ ಸದ್ದು ಅದು. ಆ ಸದ್ದು ಬಾರದಿದ್ದರೆ ಅಲ್ಲಿನ ಪುಟ್ಟ ವಾಲ್ವ್ ಸಿಕ್ಕಿಕೊಂಡಿದೆ. ನಿಂತ ಮೇಲೂ ಸದ್ದು ಮುಂದುವರಿಯುತ್ತಲೇ ಇದ್ದರೆ ಟ್ಯಾಂಕಿನ ಬಾಯಲ್ಲಿರುವ ಚೆಕ್ ವಾಲ್ವಿನಲ್ಲಿ ಕಸವೋ ಕಿಟ್ಟವೋ ಕುಳಿತು ಗಾಳಿ ಹಿಂದಕ್ಕೆ ಬರುತ್ತಿದೆ. ಎರಡರಲ್ಲಿ ಯಾವುದಾದರೂ ಸರಿಯೇ, ಮುಂದಿನ ಸಲ ಪಿಸ್ಟನ್ ತುಂಬಿದ ಒತ್ತಡಕ್ಕೆ ಎದುರಾಗಿ ಏಳಬೇಕಾಗುತ್ತದೆ, ಏಳಲಾರದೆ ಗುಂಯ್ಗುಡುತ್ತದೆ. ಚೆಕ್ ವಾಲ್ವ್ ಬಿಚ್ಚಿ ಒರೆಸಿ ಹಾಕುವುದು ಅರ್ಧ ಗಂಟೆಯ ಕೆಲಸ. ಟ್ಯಾಂಕಿನಲ್ಲಿ ಗಾಳಿಯಿರುವಾಗ ಮಾತ್ರ ಅದಕ್ಕೆ ಸ್ಪ್ಯಾನರ್ ಹಚ್ಚಕೂಡದು.

ಖಾಲಿಯಿದ್ದರೂ ಏಳದಿದ್ದರೆ, ಪ್ಲಗ್ ಕಿತ್ತು ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಅನುಮಾನ ಪಡಬೇಕಾದುದು ಕೆಪಾಸಿಟರ್ ಮೇಲೆ ಮತ್ತು ವೋಲ್ಟೇಜ್ ಮೇಲೆ. ಸಂಜೆ ಹೊತ್ತು 230 ವೋಲ್ಟ್ ಬರಬೇಕಾದಲ್ಲಿ 180 ಬಂದರೆ ಮೋಟಾರು ಏಳುವ ಬಲ ಸುಮಾರು ಶೇ. 60ಕ್ಕೆ ಇಳಿಯುತ್ತದೆ, ಏಕೆಂದರೆ ಬಲ ಕುಗ್ಗುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಮನೆಯಿಂದ ಕೊಟ್ಟಿಗೆಗೆ ಎಳೆದ ತೆಳ್ಳನೆಯ ವೈರು ಇನ್ನಷ್ಟು ನುಂಗುತ್ತದೆ. ಉಬ್ಬಿದ ಕೆಪಾಸಿಟರ್ ಬದಲಿಸುವಾಗ ಹಳೆಯದರ ಮೇಲಿದ್ದ ಅಂಕಿಯದನ್ನೇ ತರಬೇಕು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆಯಾದ್ದರಿಂದ ಈ ಕೆಲಸ ಬಲ್ಲವರಿಂದಲೇ ಆಗಲಿ.

ಯಂತ್ರ ಓಡುತ್ತದೆ, ಗಾಳಿ ಮಾತ್ರ ಏರುವುದಿಲ್ಲ ಎಂಬುದು ಇನ್ನೊಂದು ದೂರು. ಫಿಲ್ಟರ್ ಕಟ್ಟಿರಬಹುದು, ಬೆಲ್ಟ್ ಸಡಿಲವಾಗಿರಬಹುದು, ಜಾಯಿಂಟಿನಲ್ಲಿ ಸೋರುತ್ತಿರಬಹುದು; ಸೋಪಿನ ನೀರು ಹಚ್ಚಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ. ಇವೆಲ್ಲ ಸರಿಯಿದ್ದರೆ ಹೆಡ್ ಬಿಚ್ಚಿ ಒಳಗಿನ ತಗಡಿನ ವಾಲ್ವುಗಳನ್ನೂ ಗ್ಯಾಸ್ಕೆಟ್ಟನ್ನೂ ನೋಡಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಜೀಪಿಗೆ ಹಾಕಿ ಮಿಕ್ಕ ಎಂಜಿನ್ ಆಯಿಲನ್ನೇ ಇದಕ್ಕೂ ಸುರಿಯುವ ಉಳಿತಾಯಬುದ್ಧಿ ಬೇಡ. ಆ ಎಣ್ಣೆ ವಾಲ್ವುಗಳ ಮೇಲೆ ಕರಿ ಕಟ್ಟಿಸುತ್ತದೆ.

ಇಷ್ಟನ್ನು ನಮ್ಮ ಊರಿನ ಯಾವ ಚುರುಕು ಹುಡುಗನೂ ಕಲಿತು ಮಾಡಬಲ್ಲ. ಟ್ಯಾಂಕಿನ ಕಥೆಯೇ ಬೇರೆ.

ಮಲೆನಾಡಿನ ಮಳೆಗಾಲದ ಗಾಳಿಯೆಂದರೆ ಅರ್ಧ ನೀರೇ ಎಂದು ನಾವು ತಮಾಷೆಗೆ ಹೇಳುವುದುಂಟು. ಲೆಕ್ಕ ಹಾಕಿದರೂ ಸಣ್ಣದೇನಲ್ಲ. 25 ಡಿಗ್ರಿ ಶಾಖದಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. 100 ಲೀಟರಿನ ಟ್ಯಾಂಕನ್ನು 8 ಕೆ.ಜಿ. ಒತ್ತಡಕ್ಕೆ ಒಂದು ಸಲ ತುಂಬಿದರೆ ಮೂರು ನಾಲ್ಕು ಚಮಚೆ ನೀರು ಒಳಗೇ ಇಳಿಯುತ್ತದೆ. ದಿನಕ್ಕೆ ಎರಡು ಸಲ ತುಂಬಿ, ತಳದ ನಲ್ಲಿಯನ್ನು ಆಷಾಢದಿಂದ ದೀಪಾವಳಿಯವರೆಗೆ ತಿರುಗಿಸದೇ ಬಿಟ್ಟರೆ ಏನಾಗುತ್ತದೆಂಬುದನ್ನು ಓದುಗರೇ ಊಹಿಸಬಹುದು. ತುಕ್ಕು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ. ಇದು ಸಾಲದೆಂಬಂತೆ ಅನೇಕರು ಕಂಪ್ರೆಸರನ್ನು ಮೈಲುತುತ್ತದ ಚೀಲದ ಮಗ್ಗುಲಲ್ಲೇ ಇಡುತ್ತಾರೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕೋ ಇಲ್ಲವೋ ಎಂದು ನೋಡಲು ಕತ್ತಿಯ ಅಲಗು ಅದ್ದಿ, ಕೆಂಪಡರುವುದನ್ನು ಕಂಡವರಿಗೆ ಮೈಲುತುತ್ತ ಕಬ್ಬಿಣವನ್ನು ಏನು ಮಾಡುತ್ತದೆಂದು ಹೊಸದಾಗಿ ಹೇಳಬೇಕೆ?

ತೂತು ಬಿದ್ದಿತೆಂದರೆ ಅದರ ಸುತ್ತಲಿನ ತಗಡೂ ಕಾಗದದಂತಾಗಿದೆ ಎಂದೇ ತಿಳಿಯಬೇಕು. ಅಲ್ಲಿ ವೆಲ್ಡಿಂಗ್ ಮಾಡಿದರೆ ತೂತು ಮುಚ್ಚೀತು, ಪಕ್ಕದ ತಗಡು ದಪ್ಪವಾಗದು. ಆ 100 ಲೀಟರ್ ಟ್ಯಾಂಕಿನಲ್ಲಿ ಅಡಗಿರುವ ಶಕ್ತಿ ಒಂದು ಟನ್ ಭಾರವನ್ನು ಮೂವತ್ತು ಅಡಿ ಮೇಲೆತ್ತಲು ಸಾಲುವಷ್ಟು. ಅದು ಒಮ್ಮೆಗೇ ಬಿಡುಗಡೆಯಾದಾಗ ಪಕ್ಕದಲ್ಲಿ ಚಕ್ರಕ್ಕೆ ಗಾಳಿ ಹಿಡಿದು ಕುಳಿತ ಮಗನೋ ಆಳೋ ಉಳಿಯುವುದು ಅದೃಷ್ಟದ ಮಾತು. ಆದುದರಿಂದ ತೂತಾದ ಟ್ಯಾಂಕು ನೇರ ಗುಜರಿಗೆ. ಕೊಡುವ ಮುನ್ನ ಗಾಳಿಯೆಲ್ಲ ಬಿಟ್ಟು ಇನ್ನೊಂದೆರಡು ದೊಡ್ಡ ತೂತು ಹೊಡೆದೇ ಕೊಡಿ. ಇಲ್ಲವಾದರೆ ಬಣ್ಣ ಬಳಿದುಕೊಂಡು ಮತ್ತೊಬ್ಬರ ಮನೆ ಸೇರೀತು. ಹೆಡ್ಡನ್ನೂ ಮೋಟಾರನ್ನೂ ಇಟ್ಟುಕೊಂಡು ಟ್ಯಾಂಕು ಮಾತ್ರ ಹೊಸದು ಕೊಳ್ಳಬಹುದು. ದಿನದ ಕೆಲಸ ಮುಗಿದೊಡನೆ ತಳದ ನಲ್ಲಿ ಬಿಡುವುದು, ತಿಂಗಳಿಗೊಮ್ಮೆ ಸೇಫ್ಟಿ ವಾಲ್ವಿನ ಉಂಗುರ ಎಳೆದು ನೋಡುವುದು ಇವಕ್ಕೆ ಕಾಸಿನ ಖರ್ಚೂ ಇಲ್ಲ. ಸೇಫ್ಟಿ ವಾಲ್ವ್ ಸೋರುತ್ತದೆಂದು ಬೋಲ್ಟ್ ಜಡಿದು ಮುಚ್ಚುವವರಿಗೆ ಏನು ಹೇಳಬೇಕೋ ನಮಗೆ ತೋಚದು.

ತೂತಾಗದೆಯೂ ಒಳಗೆ ಸವೆದ ಟ್ಯಾಂಕನ್ನು ಕಣ್ಣಿನಿಂದ ಗುರುತಿಸಲಾಗದು. ಅದಕ್ಕಿರುವ ಉಪಾಯ ನೀರಿನ ಪರೀಕ್ಷೆ: ಒಳಗೆ ಗಾಳಿಯ ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟಿನವರೆಗೆ ಏರಿಸಿ ನಿಲ್ಲಿಸುವುದು. ನೀರು ಗಾಳಿಯಂತೆ ಹಿಗ್ಗಿ ಸಿಡಿಯುವಂಥದಲ್ಲ. ಸೋತ ಟ್ಯಾಂಕು ಸೀಳಿ ಜಿನುಗುತ್ತದೆ, ಅಷ್ಟೆ. ಒಬ್ಬೊಬ್ಬ ಸಣ್ಣ ಬೆಳೆಗಾರ ಇಂಥ ಪಂಪನ್ನು ಕೊಳ್ಳುವುದು ಆಗದ ಮಾತು. ಸಂಘ ಒಂದನ್ನು ಕೊಂಡು, ಚೆಕ್ ವಾಲ್ವ್, ಕೆಪಾಸಿಟರ್, ಗ್ಯಾಸ್ಕೆಟ್ಟುಗಳನ್ನು ಗೊಬ್ಬರದ ಡಿಪೋದಲ್ಲೇ ಇಟ್ಟು, ವರ್ಷಕ್ಕೊಮ್ಮೆ ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ ಸದಸ್ಯರ ಟ್ಯಾಂಕುಗಳನ್ನು ಸಾಲಾಗಿ ಪರೀಕ್ಷಿಸಬೇಕೆಂಬುದು ನಮ್ಮ ಒತ್ತಾಯ. ಬರುವ ಮಹಾಸಭೆಯಲ್ಲಿ ಈ ವಿಷಯ ತರುವವರಿದ್ದೇವೆ. ಪರೀಕ್ಷೆಯೇನೋ ಮೇ ತಿಂಗಳಲ್ಲೇ ಆಗಬೇಕು. ಮಳೆ ಹಿಡಿದು ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ ಶುರುವಾದ ಮೇಲೆ ಟ್ಯಾಂಕು ಹೊತ್ತು ತರಲು ಯಾರಿಗೂ ಪುರುಸೊತ್ತಿರುವುದಿಲ್ಲ.